ಮುಸ್ತಫಾನ ಬದಲಿಗೆ ಕೆಂಪು ಕಾರು: ರೆಸಾರ್ಟ್ ಸಾಹೇಬರಿಗೊಂದು ಬಹಿರಂಗ ಪತ್ರ

ಮಾನ್ಯ ರೆಸಾರ್ಟ್ ಸಾಹೇಬರೇ,

ತಾವು ಕಳುಹಿಸಿದ ಫೋಟೊ, ಅದರ ಕೆಳಗಿನ ‘ಎಕ್ಸ್‌ಚೇಂಜ್ ಮಾಡೋಣವಾ?’ ಎಂಬ ಒಂದು ಸಾಲು, ಎರಡೂ ತಲುಪಿದವು. ಉತ್ತರವನ್ನು ಲಕೋಟೆಗೆ ಹಾಕದೆ ಹೀಗೆ ಬಯಲಲ್ಲಿ ಇಡುತ್ತಿದ್ದೇನೆಂದು ಬೇಸರ ಪಟ್ಟುಕೊಳ್ಳಬೇಡಿ. ಆವತ್ತು ತಾವು ಗುಂಡ್ಲುಪೇಟೆಯ ನಮ್ಮ ಜೆರಾಕ್ಸ್ ಅಂಗಡಿಯ ಹಿಂಬದಿಯಲ್ಲಿ ಗೋಣಿತಾಟು ಹೊದ್ದು ನಿಂತಿದ್ದ ವಿಡಿಯೋ ಗೇಮ್ ಪೆಟ್ಟಿಗೆ ನೋಡಿ ‘ಅಯ್ಯಯ್ಯೋ, ಮುಸ್ತಫಾ!’ ಎಂದು ಕೂಗಿದಿರಲ್ಲ, ಆ ಕೂಗು ಬಸ್ ಸ್ಟ್ಯಾಂಡಿನ ತನಕ ಕೇಳಿಸಿದೆ. ಅಲ್ಲಿಂದಾಚೆಗೆ ಇದು ನಿಮ್ಮ ನನ್ನ ವ್ಯವಹಾರವಾಗಿ ಉಳಿದಿಲ್ಲ. ಕಟಿಂಗ್ ಶಾಪಿನಲ್ಲಿ ಕೊಟ್ಟುಬಿಡಬೇಕೆಂದು ತೀರ್ಮಾನವಾಗಿದೆ. ಎದುರಿನ ಟೀ ಅಂಗಡಿಯಲ್ಲಿ ಕೊಡಕೂಡದೆಂದು ತೀರ್ಮಾನವಾಗಿದೆ. ಇಷ್ಟು ಜನಕ್ಕೆ ಗೊತ್ತಿರುವ ಗುಟ್ಟಿಗೆ ಅಂಟು ಹಚ್ಚಿ ಸ್ಟ್ಯಾಂಪು ಅಂಟಿಸುವುದು ದಂಡ.

ತಮ್ಮ ಪ್ರಸ್ತಾಪವನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ತಮ್ಮ ಬಳಿ ಕೂತು ಆಡುವ, ಸ್ಟಿಯರಿಂಗ್ ಇರುವ, ಕೆಂಪು ಬಣ್ಣದ ಕಾರಿನ ಪೆಟ್ಟಿಗೆ ಇದೆ. ಬೆಂಗಳೂರಿನಲ್ಲಿ ಬಾಗಿಲು ಹಾಕಿದ ಯಾವುದೋ ಗೇಮ್ ಸೆಂಟರಿನಿಂದ ತಂದದ್ದು. 1986ರ ಸೆಗಾ ಕಂಪನಿಯ ‘ಔಟ್‌ ರನ್’. ಅದನ್ನು ನನಗೆ ಕೊಟ್ಟು, ನಮ್ಮ ನಿಂತು ಆಡುವ ಮುಸ್ತಫಾ ಪೆಟ್ಟಿಗೆಯನ್ನು ತಾವು ಒಯ್ಯುತ್ತೀರಿ. ಕಾರಣವನ್ನೂ ಮುಚ್ಚುಮರೆ ಇಲ್ಲದೆ ಹೇಳಿದಿರಿ: ಸಫಾರಿಗೆ ಹೋಗಿ ಹುಲಿ ಕಾಣದೆ ಸಪ್ಪೆ ಮೋರೆ ಹಾಕಿಕೊಂಡು ಬರುವ ಅತಿಥಿಗಳಿಗೆ ಸಂಜೆ ಹೊತ್ತು ಏನಾದರೂ ಬೇಕು. ಹುಲಿಗೆ ಗ್ಯಾರಂಟಿ ಇಲ್ಲ, ಡೈನೋಸಾರ್‌ಗೆ ಇದೆ. ಬಂಡೀಪುರದ ಪ್ರವಾಸೋದ್ಯಮವನ್ನು ಇಷ್ಟು ಸರಳವಾಗಿ ನನಗೆ ಯಾರೂ ವಿವರಿಸಿರಲಿಲ್ಲ.

ನಮ್ಮ ಕಡೆ ಅದಲುಬದಲಿಗೆ ಒಂದು ಶಾಸ್ತ್ರ ಇದೆ. ಎತ್ತಿಗೆ ಎತ್ತು ಸಾಟಿ ಹೊಡೆಯುವವರು ಮೊದಲು ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾರೆ, ಆಮೇಲೆ ಸುಳಿ ಹುಡುಕುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ, ಕೊನೆಗೆ ಟವೆಲ್ಲಿನಡಿ ಕೈ ಸೇರಿಸಿ ಬೆರಳು ಹಿಡಿದು ರೇಟು ಮಾತಾಡುತ್ತಾರೆ. ತಾವು ಹಲ್ಲೂ ಎಣಿಸಲಿಲ್ಲ, ಸುಳಿಯೂ ನೋಡಲಿಲ್ಲ, ನೇರವಾಗಿ ಟವೆಲ್ಲಿನಡಿಗೇ ಕೈ ಹಾಕಿದಿರಿ. ಹಾಗಾಗಿ ನಮ್ಮ ಎತ್ತಿನ ಬಾಯಿಯನ್ನು ನಾನೇ ಬಿಡಿಸಿ ತೋರಿಸುತ್ತೇನೆ.

ತಾವು ಪೆಟ್ಟಿಗೆಯನ್ನು ತಟ್ಟಿ ‘ಪಕ್ಕಾ ಒರಿಜಿನಲ್ ವಿಂಟೇಜ್’ ಎಂದಿರಿ. ನಮ್ಮ ಮಾವ, ಅಂದರೆ ನನ್ನ ತಾಯಿಯ ತಮ್ಮ, ಪಕ್ಕದಲ್ಲೇ ನಿಂತಿದ್ದವರು ಕೆಮ್ಮಿದರು. ಆ ಕೆಮ್ಮು ಬೀಡಿಯದಲ್ಲ. ಪೆಟ್ಟಿಗೆ ಮಾಡಿಸಿದವರೇ ಅವರು. 1996ರಲ್ಲಿ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಬೋರ್ಡು, ವೈರು, ಎರಡು ಹ್ಯಾಂಡಲ್ಲು, ಒಂದು ಮುಷ್ಟಿ ಬಟನ್ನು ತಂದರು. ಪ್ಲೈವುಡ್ ಕೊಯ್ದು ಮೈಕಾ ಅಂಟಿಸಿದ್ದು ನಮ್ಮೂರ ಬಡಗಿ. ಅದಕ್ಕೆ ಮುಂಚೆ ಅವರು ಮಾಡುತ್ತಿದ್ದದ್ದು ದೇವರ ಮಂಟಪ, ಬೀರು. ಅದಕ್ಕೇ ನೋಡಿ, ನಮ್ಮ ಪೆಟ್ಟಿಗೆಯ ನೆತ್ತಿಯಲ್ಲಿ ಮಂಟಪದ ಹಾಗೆ ಸಣ್ಣದೊಂದು ಕಮಾನು ಇದೆ. ಒಳಗಿರುವ ಪಿಕ್ಚರ್ ಟ್ಯೂಬು ಯಾರದೋ ಮನೆಯ ಕಲರ್ ಟೀವಿಯದು. ಅದೂ ಮೊದಲನೆಯದಲ್ಲ, ಎರಡನೆಯದು. ಹ್ಯಾಂಡಲ್ಲು ನಾಲ್ಕು ಸಲ ಬದಲಾಗಿದೆ. ಬಟನ್ನುಗಳ ಲೆಕ್ಕ ಇಟ್ಟಿಲ್ಲ. ಹಾಗಾದರೆ ತಾವು ಒಯ್ಯಬೇಕೆಂದಿರುವ 1993ರ ಮುಸ್ತಫಾ ಈ ಪೆಟ್ಟಿಗೆಯ ಯಾವ ಮೂಲೆಯಲ್ಲಿ ಕೂತಿದ್ದಾನೆ, ಸಾಹೇಬರೇ?

ಬೋರ್ಡಿನಲ್ಲಿ ಎನ್ನುತ್ತೀರಿ. ಸರಿ, ಬೋರ್ಡಿಗೇ ಬರೋಣ. ಜಪಾನಿನ ಕ್ಯಾಪ್ಕಾಮ್ ಕಂಪನಿ ಈ ಆಟಕ್ಕೆ ಇಟ್ಟ ಹೆಸರು ‘ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್’. ಅಮೆರಿಕದ ಮಾರ್ಕ್ ಶುಲ್ಟ್ಸ್ ಬರೆದ ಕಾಮಿಕ್ಸಿನಿಂದ ಹುಟ್ಟಿದ್ದು. ಆಡಲಿಕ್ಕೆ ನಾಲ್ಕು ಪಾತ್ರಗಳು, ಅವರಲ್ಲಿ ಹಳದಿ ಟೋಪಿಯ ಮುಸ್ತಫಾ ಒಬ್ಬ. ನಾಯಕ ಅವನಲ್ಲ, ಜಾಕ್ ಎಂಬಾತ. ಆದರೆ ನಮ್ಮ ದೇಶದ ಹುಡುಗರು ಆ ನಾಯಕನನ್ನು ಮೂಸಿಯೂ ನೋಡಲಿಲ್ಲ. ಓಡಿ ಬಂದು ಒದೆಯುವ ಮುಸ್ತಫಾನನ್ನೇ ಆರಿಸಿಕೊಂಡರು, ಆಟಕ್ಕೇ ಅವನ ಹೆಸರಿಟ್ಟರು. ಕಂಪನಿಯವರು ಯಾರನ್ನಾದರೂ ಹೀರೋ ಮಾಡಲಿ, ಒಂದು ರೂಪಾಯಿ ಹಾಕಿದವನ ಓಟು ಬೇರೆ.

ಈಗ ಒಂದು ಒಳಗುಟ್ಟು. ಅಸಲಿ ಬೋರ್ಡಿನಲ್ಲಿ ಕಂಪನಿಯವರು ಒಂದು ಬ್ಯಾಟರಿ ಇಟ್ಟಿದ್ದರು. ಸದ್ದು ನೋಡಿಕೊಳ್ಳುವ ಚಿಪ್ಪಿನ ಬೀಗದ ಕೈ ಆ ಬ್ಯಾಟರಿಯ ಉಸಿರಿನಲ್ಲಿತ್ತು. ಯಾರೂ ಕದ್ದು ನಕಲು ಮಾಡದಿರಲಿ ಎಂಬ ಉಪಾಯ. ವರ್ಷ ಕಳೆದು ಬ್ಯಾಟರಿ ಸತ್ತರೆ ಬೀಗದ ಕೈ ಅಳಿಸಿಹೋಗುತ್ತದೆ, ಬೋರ್ಡು ಮೂಕವಾಗುತ್ತದೆ. ನಮ್ಮ ಬೋರ್ಡನ್ನು ಬಿಚ್ಚಿ ನೋಡಿದೆ. ಬ್ಯಾಟರಿಯೇ ಇಲ್ಲ. ಅಂದರೆ ನಮ್ಮದು ಕಳ್ಳ ಬೋರ್ಡು. ಬೀಗವನ್ನೇ ಕಿತ್ತೆಸೆದು ಮಾಡಿದ ನಕಲು. ಸದ್ದು ಸ್ವಲ್ಪ ತಗಡಿನ ಸದ್ದು, ಆದರೆ ಇವತ್ತಿಗೂ ಬಾಯಿ ಬಿದ್ದಿಲ್ಲ. ಕಳ್ಳರನ್ನು ತಡೆಯಲು ವಿಷ ಕಟ್ಟಿಕೊಂಡ ಅಸಲಿ ತಾನೇ ಮೂಕಾಯಿತು, ಕಳ್ಳಮಾಲು ಗುಂಡ್ಲುಪೇಟೆಯಲ್ಲಿ ಗುಂಡುಕಲ್ಲಿನ ಹಾಗೆ ನಿಂತಿದೆ. ತಾವು ತಮ್ಮ ರೆಸಾರ್ಟಿನಲ್ಲಿ ಇದರ ಪಕ್ಕ ‘ಒರಿಜಿನಲ್’ ಎಂದು ಬೋರ್ಡು ಬರೆಸುವುದಾದರೆ ನನ್ನ ತಕರಾರಿಲ್ಲ. ಅದು ಒರಿಜಿನಲ್ ಕಳ್ಳಮಾಲು.

ಪೆಟ್ಟಿಗೆಯ ಬಲಮಗ್ಗುಲಿನ ಚಿತ್ರದ ಮುಂದೆ ತಾವು ತುಂಬ ಹೊತ್ತು ನಿಂತಿರಿ. ‘ಫೋಕ್ ಆರ್ಟ್’ ಎಂದಿರಿ. ಅದರ ಚರಿತ್ರೆ ಇಷ್ಟು. ಲಾರಿಗಳ ಹಿಂಬದಿಗೆ ಹೂಬಳ್ಳಿ ಬರೆಯುತ್ತಿದ್ದ ಪೇಂಟರ್ ಒಬ್ಬರಿಗೆ ಮಾವ ‘ಒಂದು ಡೈನೋಸಾರ್ ಬರೀರಿ’ ಎಂದರು. ಅವರು ಕಂಡಿರಲಿಲ್ಲ. ‘ಹೆಂಗಿರ್ತದೆ ಬುದ್ದಿ?’ ಎಂದು ಕೇಳಿದರು. ಮಾವನೂ ಕಂಡಿರಲಿಲ್ಲ. ‘ಉಡ ಇಲ್ವಾ, ಅದೇ, ದೊಡ್ಡದಾಗಿ’ ಎಂದರು. ಪೇಂಟರ್ ಉಡವನ್ನೇ ಬರೆದರು. ಬರೀ ಉಡ ಪೆಟ್ಟಿಗೆ ತುಂಬ ಬೋಳುಬೋಳಾಗಿ ಕಂಡಿತು, ನಮ್ಮದು ಹುಲಿ ನಾಡು ಬೇರೆ, ಮೈ ಮೇಲೆ ಹಳದಿ ಕಪ್ಪು ಪಟ್ಟೆ ಎಳೆದರು. ಮೇಲೆ ‘ಶ್ರೀ ಹಿಮವದ್ ಗೋಪಾಲಸ್ವಾಮಿ ಪ್ರಸನ್ನ’, ಕೆಳಗೆ ‘ಸಾಲ ಕೇಳಬೇಡಿ’. ಹುಲಿಪಟ್ಟೆಯ ಉಡವನ್ನು ನಮ್ಮ ಕಡೆ ಯಾರೂ ಕಂಡದ್ದಿಲ್ಲ. ತಮ್ಮ ಅತಿಥಿಗಳಿಗೆ ಆ ಮಟ್ಟಿಗೆ ಅಪರೂಪದ ಪ್ರಾಣಿದರ್ಶನ ಖಾತ್ರಿ.

ಇನ್ನು ಆಟದ ಕಥೆ. ತಾವು ಅದನ್ನು ಮರೆತಿರಬಹುದು, ಕಥೆ ನೋಡಿಕೊಂಡು ಆಡಿದವರು ಕಡಿಮೆ. ಮುಂದೆಂದೋ ಬರುವ ಕಾಲದಲ್ಲಿ ಮನುಷ್ಯರೂ ಡೈನೋಸಾರ್‌ಗಳೂ ಒಟ್ಟಿಗೆ ಬದುಕುತ್ತಿರುತ್ತಾರೆ. ಕಳ್ಳಬೇಟೆಗಾರರು ಪ್ರಾಣಿಗಳನ್ನು ಕೊಲ್ಲುತ್ತಿರುತ್ತಾರೆ. ನಾಲ್ವರು ಅವರನ್ನು ತಡೆಯಲು ಹೊರಡುತ್ತಾರೆ. ತೊಂಬತ್ತರ ದಶಕದ ಚಾಮರಾಜನಗರದ ಸೀಮೆಯಲ್ಲಿ ಈ ಕಥೆಗೆ ಜಪಾನಿನಿಂದ ಆಮದಾಗುವ ಅಗತ್ಯವೇ ಇರಲಿಲ್ಲ. ಕಾಡುಗಳ್ಳ ವೀರಪ್ಪನ್ ಹೆಸರು ಹೇಳಿ ಅಮ್ಮಂದಿರು ಅನ್ನ ತಿನ್ನಿಸುತ್ತಿದ್ದ ಕಾಲ. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಆತ 1991ರ ನವೆಂಬರಿನಲ್ಲಿ ಕೊಂದಿದ್ದ. ಎಸ್‌ಟಿಎಫ್ ಜೀಪುಗಳು ಅವನನ್ನು ಹುಡುಕುತ್ತ ಹಗಲೂ ರಾತ್ರಿ ಓಡಾಡುತ್ತಿದ್ದವು. ಅಂಥ ಒಂದು ಜೀಪಿನಿಂದ ಇಳಿದ ಪೇದೆಯೊಬ್ಬರು ನಮ್ಮ ಅಂಗಡಿಗೆ ಬರುತ್ತಿದ್ದರು. ಬೂಟಿನ ತುಂಬ ಕೆಮ್ಮಣ್ಣು. ಹುಡುಗರು ಜಾಗ ಬಿಡುತ್ತಿದ್ದರು. ಒಂದು ರೂಪಾಯಿ ಹಾಕಿ, ಮುಸ್ತಫಾನನ್ನು ಹಿಡಿದು, ಮೊದಲ ಸ್ಟೇಜಿನ ಕಳ್ಳಬೇಟೆಗಾರರನ್ನು ಐದೇ ನಿಮಿಷದಲ್ಲಿ ಮಲಗಿಸಿ, ‘ಇಲ್ಲಾದ್ರೂ ಸಿಕ್ಕಿದ್ರಲ್ಲಪ್ಪ’ ಎಂದು ಬೆವರು ಒರೆಸಿಕೊಂಡು ಹೋಗುತ್ತಿದ್ದರು. ನಾವು ನಕ್ಕಿದ್ದೆವು. ಅವರು ನಕ್ಕಿರಲಿಲ್ಲ ಎಂಬುದು ಈಗ ನೆನಪಾಗುತ್ತದೆ.

2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ನಟ ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದಾಗ ಎಲ್ಲರ ಅಂಗಡಿಯಂತೆ ನಮ್ಮದೂ ಮುಚ್ಚಿತು. ಗಲಾಟೆ ಅಡಗಿದ ಮೇಲೆ ಬಾಗಿಲು ತೆರೆದರೂ, ಮಾವ ಪೆಟ್ಟಿಗೆಗೆ ಕರೆಂಟು ಕೊಡಲಿಲ್ಲ. ಅಣ್ಣಾವ್ರು ಕಾಡಿನಲ್ಲಿರುವಾಗ ಕಾಡಿನ ಆಟ ಆಡುವುದು ಅಪಶಕುನ ಎಂದರು. ನವೆಂಬರ್ 15ರಂದು, 108 ದಿನಗಳ ಮೇಲೆ, ಬಿಡುಗಡೆಯ ಸುದ್ದಿ ಬಂದಾಗ ಸ್ವಿಚ್ಚು ಹಾಕಿದರು. ಆವತ್ತು ಒಂದು ದಿನ ಮಾತ್ರ ಎಲ್ಲರಿಗೂ ಫ್ರೀ. ಆ ಒಂದು ದಿನ ಅಂಗಡಿಯಲ್ಲಿ ಮೂರು ಜಗಳವಾಯಿತು. ಬೇರೆ ದಿನ ಆಗುತ್ತಿರಲಿಲ್ಲ. ದುಡ್ಡಿಲ್ಲದ ಆಟಕ್ಕೆ ಸರದಿ ಇರುವುದಿಲ್ಲ, ಸರದಿ ಇಲ್ಲದ ಕಡೆ ಹಿಂದೆ ನಿಂತು ‘ಏಯ್, ಜಂಪ್ ಹೊಡಿ, ಜಂಪ್ ಹೊಡಿ’ ಎನ್ನುವವರೂ ಇರುವುದಿಲ್ಲ. ತಾವು ಅತಿಥಿಗಳಿಗೆ ಎಷ್ಟು ಸಲ ಬೇಕಾದರೂ ಉಚಿತ ಎಂದು ಹೇಳಿದ್ದರಿಂದ ಈ ಮಾತು ಎತ್ತಿದೆ. ನಮ್ಮಲ್ಲಿ ಆಡುವವನು ಒಬ್ಬ, ನೋಡುವವರು ಹತ್ತು. ಕೊನೇ ಲೈಫು ಎಂದರೆ ಹನ್ನೊಂದು ಜನರ ಕೊನೇ ಲೈಫು. ತಮ್ಮ ಎ.ಸಿ. ಹಾಲಿಗೆ ಆ ಹತ್ತು ಜನರನ್ನು ಹೇಗೆ ಸಾಗಿಸುತ್ತೀರಿ? ಪೆಟ್ಟಿಗೆಗೆ ಟಾಟಾ ಏಸ್ ಸಾಕು.

ಈಗ ತಮ್ಮ ಎತ್ತಿನ ಬಾಯಿಗೆ ಬರುತ್ತೇನೆ. ‘ಔಟ್‌ ರನ್’ ಕೀಳಾದ ಆಟ ಎಂದು ನಾನು ಹೇಳಿದರೆ ನನ್ನ ನಾಲಿಗೆ ಉದುರಿಹೋದೀತು. ಯು ಸುಜುಕಿ ಎಂಬ ಜಪಾನಿನವರು ಯುರೋಪಿನ ರಸ್ತೆಗಳಲ್ಲಿ ಸುತ್ತಾಡಿ ಬಂದು ಮಾಡಿದ ಆಟ. ಹೊರಡುವ ಮುಂಚೆ ರೇಡಿಯೋದಲ್ಲಿ ಮೂರು ಹಾಡಿನಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ತೆರೆದ ಕೆಂಪು ಕಾರು, ಪಕ್ಕದಲ್ಲಿ ಗಾಳಿಗೆ ಕೂದಲು ಹಾರಿಸುವ ಹೆಂಗಸು. ಗಡಿಯಾರ ಇಳಿಯುತ್ತಿರುತ್ತದೆ, ಅದು ಸೊನ್ನೆಗೆ ಬರುವುದರೊಳಗೆ ಚೆಕ್‌ಪಾಯಿಂಟ್ ಮುಟ್ಟಬೇಕು. ಮುಟ್ಟಿದರೆ ಮುಂದೆ ಇನ್ನಷ್ಟು ಹೊತ್ತು. ಮುಟ್ಟದಿದ್ದರೆ ಆಟ ಅಲ್ಲಿಗೇ ಮುಗಿಯಿತು. ಕೊನೆಯದೊಂದು ಬಿಟ್ಟು ಪ್ರತಿ ಹಂತದ ಕೊನೆಗೂ ರಸ್ತೆ ಎರಡಾಗಿ ಕವಲೊಡೆಯುತ್ತದೆ, ಎಡಕ್ಕೋ ಬಲಕ್ಕೋ ಕಣ್ಣು ಮುಚ್ಚಿ ತೆರೆಯುವುದರೊಳಗೆ ತೀರ್ಮಾನಿಸಬೇಕು.

ಸಾಹೇಬರೇ, ಇದನ್ನು ಗುಂಡ್ಲುಪೇಟೆಯವರಿಗೆ ಆಟ ಎಂದು ಮಾರಲು ಬಂದಿದ್ದೀರಲ್ಲ!

ಮೈಸೂರಿನಿಂದ ಬಂದ ಹೆದ್ದಾರಿ ನಮ್ಮೂರಿನಲ್ಲಿ ಕವಲೊಡೆಯುತ್ತದೆ. ಒಂದು ಊಟಿಗೆ, ಇನ್ನೊಂದು ವಯನಾಡು, ಕೋಝಿಕ್ಕೋಡಿಗೆ. ಎರಡೂ ಬಂಡೀಪುರದ ಕಾಡನ್ನೇ ಸೀಳಿಕೊಂಡು ಹೋಗಬೇಕು. ರಸ್ತೆ ದಾಟುವ ಜಿಂಕೆ, ಕಡವೆ, ಆನೆ ವಾಹನಗಳಿಗೆ ಸಿಕ್ಕಿ ಸಾಯುವುದು ಹೆಚ್ಚಾಗಿ 2009ರಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳು ರಾತ್ರಿ ಸಂಚಾರ ನಿಲ್ಲಿಸಿದರು. 2010ರ ಮಾರ್ಚಿನಲ್ಲಿ ಹೈಕೋರ್ಟು ಅದನ್ನು ಎತ್ತಿ ಹಿಡಿಯಿತು. ಅಂದಿನಿಂದ ರಾತ್ರಿ ಒಂಬತ್ತಕ್ಕೆ ಗೇಟು ಬಿದ್ದರೆ ಏಳುವುದು ಬೆಳಗ್ಗೆ ಆರಕ್ಕೆ. ಆಂಬುಲೆನ್ಸು, ಕೆಲವು ಸರ್ಕಾರಿ ಬಸ್ಸು ಬಿಟ್ಟರೆ ಮಿಕ್ಕವರಿಗೆ ಆಟ ಮುಗಿಯಿತು. ಗಡಿಯಾರ, ಚೆಕ್‌ಪೋಸ್ಟ್, ಕವಲು: ಸೆಗಾದವರು ಏನು ಕಲ್ಪಿಸಿಕೊಂಡಿದ್ದರೋ ಅದೆಲ್ಲ ನಮ್ಮಲ್ಲಿ ದಿನಾ ಸಂಜೆ ಎಂಟೂ ಮುಕ್ಕಾಲಿಗೆ ಫುಲ್ ಸೈಜಿನಲ್ಲಿ ನಡೆಯುತ್ತದೆ. ಬಾಗಿಲಲ್ಲಿ ನಿಂತರೆ ಸಾಕು. ಬಾಳೆಹಣ್ಣಿನ ಲೋಡು, ಕೋಳಿ ಲೋಡು, ಮದುವೆ ಮುಗಿಸಿ ಹೊರಟ ಟೆಂಪೊ ಟ್ರಾವೆಲರ್, ಎಲ್ಲರೂ ಹಾರನ್ ಹಿಡಿದುಕೊಂಡೇ ಹೋಗುತ್ತಾರೆ. ಗೇಟು ಬಿದ್ದ ಮೇಲೆ ಅದರಲ್ಲಿ ಅರ್ಧ ಜನ ಹೋದ ದಾರಿಯಲ್ಲೇ ವಾಪಸು ಬಂದು ಟೀ ಕೇಳುತ್ತಾರೆ. ಆ ಮುಖ ನೋಡಿದರೇ ಗೊತ್ತಾಗುತ್ತದೆ, ಎಷ್ಟು ಸೆಕೆಂಡಿನಲ್ಲಿ ಸೋತರೆಂದು.

ತಮ್ಮ ಕಾರಿನ ಪೆಟ್ಟಿಗೆಗೆ ಇವರೇ ಗಿರಾಕಿಗಳು ಎಂದು ನನ್ನ ಲೆಕ್ಕ. ಗೇಟು ತಪ್ಪಿದ ಡ್ರೈವರಿಗೆ ಬೆಳಗಿನ ತನಕ ಬೇರೆ ಕೆಲಸವೇನು? ಮಾವನಿಗೆ ಹೇಳಿದೆ. ‘ದಿನವೆಲ್ಲ ದುಡ್ಡು ಇಸ್ಕೊಂಡು ಸ್ಟಿಯರಿಂಗ್ ತಿರುಗಿಸೋನು ರಾತ್ರಿ ದುಡ್ಡು ಕೊಟ್ಟು ತಿರುಗಿಸ್ತಾನಾ?’ ಎಂದರು. ಅಷ್ಟಕ್ಕೆ ಬಿಡದೆ, ಒಂಬತ್ತು ಗಂಟೆಗೆ ಸಿಕ್ಕಿಬಿದ್ದಿದ್ದ ಲಾರಿ ಡ್ರೈವರೊಬ್ಬರಿಗೆ ತಮ್ಮ ಫೋಟೊ ತೋರಿಸಿ ಅಭಿಪ್ರಾಯ ಕೇಳಿದೆ. ವರ್ಷಗಟ್ಟಲೆಯಿಂದ ಸುಲ್ತಾನ್ ಬತ್ತೇರಿ ದಾರಿಯಲ್ಲಿ ಓಡಾಡುವವರು, ಕನ್ನಡವನ್ನು ನಮಗಿಂತ ನಿಧಾನವಾಗಿ, ನಮಗಿಂತ ಸ್ಪಷ್ಟವಾಗಿ ಮಾತಾಡುವವರು. ಫೋಟೊ ದೊಡ್ಡದು ಮಾಡಿ ನೋಡಿದರು.

‘ಇದರಲ್ಲಿ ಆನೆ ಬರ್ತದಾ?’

‘ಇಲ್ಲ ಅಣ್ಣ.’

‘ಹಂಪು?’

‘ಇಲ್ಲ.’

‘ಹಾಗಾದರೆ ಇದು ಎಲ್ಲಿಯ ರೋಡು?’ ಎಂದು ಫೋನು ವಾಪಸು ಕೊಟ್ಟರು.

ಇನ್ನೊಂದು ತೊಡಕಿದೆ, ಕಾನೂನಿನದು. ಟೀ ಅಂಗಡಿಯಲ್ಲಿ ಕೂರುವ ನಿವೃತ್ತ ಗುಮಾಸ್ತರೊಬ್ಬರು ಇದನ್ನು ಎತ್ತದೆ ಬಿಡಲಿಲ್ಲ. ವಿಡಿಯೋ ಗೇಮ್ ಎಂದರೆ ಕೌಶಲವೋ ಜೂಜೋ ಎಂಬ ವ್ಯಾಜ್ಯ ನಮ್ಮ ರಾಜ್ಯದಿಂದಲೇ ದೆಹಲಿಗೆ ಹೋಗಿತ್ತು. ಎಂ.ಜೆ. ಶಿವಾನಿ ಪ್ರಕರಣ, ಸುಪ್ರೀಂ ಕೋರ್ಟಿನ ತೀರ್ಪು 1995ರಲ್ಲಿ. ಪಾರ್ಲರುಗಳಿಗೆ ಲೈಸೆನ್ಸು ಬೇಕು ಎಂದಿತು ಕೋರ್ಟು. ಯಂತ್ರದ ಒಡೆಯ ಒಳಗೆ ಕೈಯಾಡಿಸಿದರೆ ಆಡುವವನ ಕೌಶಲಕ್ಕೆ ಬೆಲೆ ಇರುವುದಿಲ್ಲ ಎಂಬ ಅನುಮಾನವನ್ನೂ ಮುಂದಿಟ್ಟಿತು. ಮಾವ ಅದರ ಮರುವರ್ಷವೇ ಅಂಗಡಿ ಇಟ್ಟವರು. ಲೈಸೆನ್ಸಿನ ಕಾಗದ ಚೌಕಟ್ಟು ಹಾಕಿಸಿ ದೇವರ ಪಟದ ಪಕ್ಕ ನೇತುಹಾಕಿದ್ದರು, ಎರಡಕ್ಕೂ ಒಂದೇ ಊದುಬತ್ತಿ. ಒಳಗೆ ಕೈಯಾಡಿಸುವ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹಾಗೆಂದು ಕೊಡುವುದೇ ಇಲ್ಲ ಎಂದೂ ಅಲ್ಲ. ನನಗೂ ಆಸೆ ಇದೆ. ಫೋಟೊದಲ್ಲಿ ತಮ್ಮ ಕಾರಿನ ಸೀಟಿನ ರೆಕ್ಸಿನ್ ಒಂದು ಕಡೆ ಹರಿದು ಹಳದಿ ಸ್ಪಂಜು ಇಣುಕುತ್ತಿದೆ. ಅದನ್ನು ನೋಡಿದಾಗಿನಿಂದ ಎಷ್ಟು ಜನ ಕೂತೆದ್ದು ಅದು ಹರಿದಿರಬೇಕು ಎಂದು ಎಣಿಸುತ್ತಿದ್ದೇನೆ. ನಮ್ಮ ಪೆಟ್ಟಿಗೆಯಲ್ಲೂ ಅಂಥದ್ದು ಇದೆ. ಬಟನ್ನಿನ ಎಡಕ್ಕೆ ಮೈಕಾ ಸವೆದು ಮರ ಕಂಡಿರುವ ಜಾಗ, ಅಂಗೈಯಷ್ಟಗಲ. ಹ್ಯಾಂಡಲ್ಲಿಗೆ ಕೈ ಇಡದೆ ನೋಡುತ್ತ ನಿಂತವರು ಊರಿಕೊಳ್ಳುತ್ತಿದ್ದ ಜಾಗ ಅದು. ತಾವು ರಿಸ್ಟೋರ್ ಮಾಡಿಸುತ್ತೇನೆ, ಹೊಸ ಮೈಕಾ ಹಾಕಿಸುತ್ತೇನೆ ಎಂದಿರಿ. ಒಳ್ಳೆಯ ಮನಸ್ಸಿನಿಂದಲೇ ಹೇಳಿದಿರಿ. ಮಾವ ಆಗ ಕೆಮ್ಮಲೂ ಇಲ್ಲ, ಹೊರಗೆ ಎದ್ದು ಹೋದರು, ಗಮನಿಸಿದಿರಾ?

ಮೈಸೂರು ಮೃಗಾಲಯದವರೂ ಪ್ರಾಣಿಗಳನ್ನು ಅದಲುಬದಲು ಮಾಡಿಕೊಳ್ಳುತ್ತಾರೆ, ಅದರಲ್ಲಿ ತಪ್ಪಿಲ್ಲ ಎಂದು ತಾವು ಹೇಳಿದ್ದು ನಿಜ. ಆದರೆ ಅಲ್ಲಿ ಬಂದ ಪ್ರಾಣಿ ಇಲ್ಲಿಯ ಮೇವಿಗೆ ಒಗ್ಗಬೇಕು ತಾನೇ? ತಮ್ಮ ಕಾರಿಗೆ ಜಾಗ ಮಾಡಲು ನಾನು ಜೆರಾಕ್ಸ್ ಮೆಷಿನ್ನನ್ನು ಹೊರಗೆ ಹಾಕಬೇಕು. ಸದ್ಯಕ್ಕೆ ಮನೆ ನಡೆಸುತ್ತಿರುವುದು ಅದು.

ಇಷ್ಟೆಲ್ಲ ತೂಗಿ ನೋಡುತ್ತಿರುವಾಗ ಮೊನ್ನೆ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಗೋಣಿತಾಟು ತೆಗೆದು ಸ್ವಿಚ್ಚು ಹಾಕಿದೆ. ಟ್ಯೂಬು ಬಿಸಿಯಾಗಲು ಸ್ವಲ್ಪ ಹೊತ್ತು ಬೇಕು. ಮೊದಲು ವಾಸನೆ ಬರುತ್ತದೆ, ಬಿಸಿ ಧೂಳಿನದು, ಆಮೇಲೆ ಚಿತ್ರ. ಜೇಬಿನಲ್ಲಿದ್ದ ಒಂದು ರೂಪಾಯಿ ಹಾಕಿದೆ. ಅದು ಸಣ್ಣದು, 2011ರಿಂದ ಬರುತ್ತಿರುವುದು. ಸೀದಾ ಕೆಳಗಿನ ಡಬ್ಬಿಗೆ ಟಣ್ ಎಂದು ಬಿತ್ತು, ಕ್ರೆಡಿಟ್ ಏರಲಿಲ್ಲ. ಪೆಟ್ಟಿಗೆ ಗುರುತಿಸುವುದು ಹಳೆಯ, ಅಗಲದ ನಾಣ್ಯವನ್ನು. ಮನೆಯಲ್ಲಿ ಹುಡುಕಿ, ಅತ್ತೆಯ ಸಾಸಿವೆ ಡಬ್ಬದಲ್ಲಿ ಒಂದು ಸಿಕ್ಕಿತು. ಮುಸ್ತಫಾನನ್ನು ಹಿಡಿದೆ. ಬೆರಳು ಹಳೆಯ ಚಾಳಿ ಮರೆತಿರಲಿಲ್ಲ, ಉಸಿರು ಮಾತ್ರ ಮರೆತಿತ್ತು. ಹೇಗೋ ಏದುತ್ತ ಮೂರನೇ ಸ್ಟೇಜು ಮುಟ್ಟಿದೆ.

ಮೂರನೇ ಸ್ಟೇಜಿನಲ್ಲಿ ಏನಿದೆ ನೆನಪಿದೆಯಾ? ಕಾರು! ನಾಲ್ಕೂ ಜನರಲ್ಲಿ ಯಾರನ್ನು ಹಿಡಿದಿದ್ದರೂ ಸರಿ, ಕ್ಯಾಡಿಲಾಕ್ ಹತ್ತಿ ಎದುರಿಗೆ ಬಂದವರನ್ನೆಲ್ಲ ಗುದ್ದಿಕೊಂಡು ಹೋಗಬಹುದು. ತಾವು ಕೊಡುತ್ತೇನೆನ್ನುವ ಕಾರು ನನ್ನ ಪೆಟ್ಟಿಗೆಯೊಳಗೇ 1996ರಿಂದ ನಿಂತಿದೆ, ಪೆಟ್ರೋಲು ಕೇಳದೆ. ತಮ್ಮ ಕಾರಿನೊಳಗೆ ಡೈನೋಸಾರ್ ಇದೆಯೇ?

ಇದನ್ನು ಮಾವನಿಗೆ ಹೇಳಿದಾಗ ಅವರು ತೀರ್ಪು ಕೊಟ್ಟುಬಿಟ್ಟರು. ತೀರ್ಪು ಅವರದು, ನಾನು ಬರೆಯುವವನಷ್ಟೇ. ತಾವು ಬಂದು, ಒಂದೇ ಒಂದು ರೂಪಾಯಿಯಲ್ಲಿ, ಎರಡನೇ ನಾಣ್ಯ ಮುಟ್ಟದೆ, ಮೂರನೇ ಸ್ಟೇಜಿನ ಕಾರು ಹತ್ತಿ ತೋರಿಸಿದರೆ ಸಾಟಿ ಖಾಯಂ. ಮೇಲೆ ಒಂದು ಕಾಸೂ ಕೊಡಬೇಕಾಗಿಲ್ಲ, ಹುಲಿಪಟ್ಟೆಯ ಉಡವೂ ತಮ್ಮದೇ. ಹತ್ತದಿದ್ದರೆ ತಮ್ಮ ಕೆಂಪು ಕಾರನ್ನು ಇಲ್ಲೇ ಬಿಟ್ಟು ಹೋಗಬೇಕೆಂದು ಮಾವ ಹೇಳಿದರು, ನಾನು ಅದನ್ನು ಹೊಡೆದುಹಾಕಿದ್ದೇನೆ. ಅದು ಜೂಜಾಗುತ್ತದೆ.

ಕಷ್ಟದ ಸೆಟ್ಟಿಂಗು ಎಷ್ಟರಲ್ಲಿದೆ ಎಂದು ಕೇಳಬೇಡಿ. ಪೆಟ್ಟಿಗೆಯ ಹಿಂಬದಿಯ ಬೀಗದ ಕೈ ಮಾವನ ಉಡಿದಾರದಲ್ಲಿದೆ. ತೀರ್ಪು ಕೊಟ್ಟ ರಾತ್ರಿ ಅವರು ಒಬ್ಬರೇ ಅಂಗಡಿಗೆ ಹೋಗಿ ಅರ್ಧ ಗಂಟೆ ಇದ್ದು ಬಂದದ್ದು ಮಾತ್ರ ನನಗೆ ಗೊತ್ತು.

ಬರುವುದಾದರೆ ಸಂಜೆ ಏಳರೊಳಗೆ ಬನ್ನಿ. ತಮ್ಮ ರೆಸಾರ್ಟು ಗೇಟಿನಾಚೆ ಇದೆ, ಮರೆಯಬೇಡಿ. ಕಟಿಂಗ್ ಶಾಪಿನವರೂ ಟೀ ಅಂಗಡಿಯವರೂ ಹಿಂದೆ ನಿಲ್ಲಲು ಈಗಾಗಲೇ ಜಾಗ ಹೇಳಿಟ್ಟಿದ್ದಾರೆ. ನಾಣ್ಯ ತಾವೇ ತರಬೇಕು, ಹಳೆಯದು, ಅಗಲದ್ದು. ಅತ್ತೆಯ ಸಾಸಿವೆ ಡಬ್ಬದಲ್ಲಿದ್ದದ್ದು ಮೊನ್ನೆ ಖರ್ಚಾಯಿತು.

ಇಂತಿ ತಮ್ಮ ವಿಶ್ವಾಸಿ,
ಜೆರಾಕ್ಸ್ ಅಂಗಡಿಯವನು,
ಗುಂಡ್ಲುಪೇಟೆ